ಎಲ್ಲ ಪುಟಗಳಿಗೂ ಒಂದೇ ವಿಳಾಸ

"ಶನಿವಾರದೊಳಗೆ ನನ್ನ ವೆಬ್‌ಸೈಟಿನ ಲೋಕಾರ್ಪಣೆ. ಭಾನುವಾರ ಮೂರು ಗಂಟೆಗೆ ನನ್ನ ನಿಶ್ಚಿತಾರ್ಥ. ಎರಡೂ ಹೂವು ಎತ್ತಿಟ್ಟ ಹಾಗೆ ಮುಗಿದುಹೋಗುತ್ತೆ. ಬರೆದಿಟ್ಕೋ ಅಮ್ಮಾ!"

ಸೋಮವಾರ ಬೆಳಗಿನ ತಿಂಡಿಯ ಹೊತ್ತಿಗೆ ವಿಲ್ಬರ್ತ್ ಹೀಗೆ ಘೋಷಿಸಿದಾಗ, ಬಟ್ಟೆಯ ಚೀಲದಲ್ಲಿ ಕಾಫಿ ಸೋಸುತ್ತಿದ್ದ ಅವನ ತಾಯಿ ಹೆರ್ಮಿನಿಯಾ ತಿರುಗಿಯೂ ನೋಡಲಿಲ್ಲ.

"ಬರೆದಿಡೋಕೆ ಈ ಮನೇಲಿ ಜಾಗ ಎಲ್ಲಿದೆಯಪ್ಪ? ಮೊದ್ಲು ಆ ರಾಕ್ಷಸಿ ತಲೆನ ನನ್ನ ಮಂಚದಿಂದ ಇಳಿಸು. ಬೆಳಿಗ್ಗೆ ಕಣ್ಣು ಬಿಟ್ಟೋಳೇ ಯಾರೋ ದೊಡ್ಡ ಮನುಷ್ಯರು ಬಂದಿದ್ದಾರೆ ಅಂತ ಎದ್ದು ನಿಂತುಬಿಟ್ಟೆ."

ವಿಲ್ಬರ್ತ್, ಬಾರ್ವಾ ಎಂಬ ಊರಿನ ನೀರಿನ ಕಚೇರಿಯಲ್ಲಿ ಮೀಟರ್ ಓದುವವನು. ಅದು ಅವನ ಕೆಲಸ. ಬದುಕು ಬೇರೆಯೇ ಇತ್ತು. ಸೂರಿನಡಿ ತೂಗುಹಾಕಿದ ಮರದ ದಿಮ್ಮಿಗಳಲ್ಲಿ ಕುಟುಕದ ಮುಜಂಟಿ ಜೇನು. ಸ್ನಾನದ ಮನೆಯ ಹಬೆ ಕುಡಿದು ಸೊಕ್ಕಿದ ಇಪ್ಪತ್ತೆರಡು ಆರ್ಕಿಡ್. ಹಬ್ಬದ ಮೆರವಣಿಗೆಗೆಂದು ಕಾಗದ ಅಂಟಿಸಿ ಮಾಡಿದ ದೈತ್ಯರ ತಲೆಗಳು. ಅಡುಗೆ ಮನೆಯ ಕಪಾಟಿನಲ್ಲಿ ತಟ್ಟೆಗಳನ್ನು ಹೊರಗಟ್ಟಿ ಕುಳಿತ ವಾಲ್ವ್ ರೇಡಿಯೊಗಳು. ಪಡಸಾಲೆಯ ಉದ್ದಕ್ಕೂ ಮೈಚಾಚಿದ, ಮರದ ಪಟ್ಟಿಗಳನ್ನು ಕೋಲಿನಿಂದ ಬಡಿದು ನುಡಿಸುವ ಮರಿಂಬ ವಾದ್ಯ. ಈ ಮರಿಂಬದ ದೆಸೆಯಿಂದ ಮನೆಯವರು ಏಡಿಯ ಹಾಗೆ ಅಡ್ಡಡ್ಡ ನಡೆಯುವುದನ್ನು ರೂಢಿಸಿಕೊಂಡಿದ್ದರು. ಒಮ್ಮೆ ಪಾದ್ರಿಗಳು ಮನೆಗೆ ಬಂದವರು ಆಶೀರ್ವಾದವನ್ನೂ ಅಡ್ಡ ನಿಂತೇ ಮಾಡಿ ಹೋದರು.

ಯಾವುದನ್ನೂ ಬಿಡಲಾರ, ಯಾವುದನ್ನೂ ಮುಗಿಸಲಾರ. ಜೇನಿನ ಪೆಟ್ಟಿಗೆ ತೆರೆದವನಿಗೆ ಆರ್ಕಿಡ್ ನೆನಪಾಗುತ್ತಿತ್ತು. ಆರ್ಕಿಡ್‌ಗೆ ನೀರು ಹನಿಸುವಾಗ ರೇಡಿಯೊ ಕರೆಯುತ್ತಿತ್ತು. ಎರಡೂವರೆ ವರ್ಷದಿಂದ ಅವನು ಪ್ರೀತಿಸುತ್ತಿದ್ದ ಯೊರ್ಲೆನಿ ಒಬ್ಬಳೇ ಅವನ ಜೀವನದಲ್ಲಿ ಮಧ್ಯಕ್ಕೆ ನಿಲ್ಲದೆ ಮುಂದುವರಿದಿದ್ದ ಸಂಗತಿ.

ಅವಳ ತಂದೆ ದೋನ್ ಬೆಲಾರ್ಮಿನೊ ಮಾತ್ರ ಅದನ್ನು ನಂಬಲು ಸಿದ್ಧರಿರಲಿಲ್ಲ. ಕೊಯ್ಲಿನ ಕಾಲದಲ್ಲಿ ಸಾಲಾಗಿ ಬರುವ ಕೂಲಿಯವರಿಂದ ಕಾಫಿ ಹಣ್ಣು ಅಳೆದುಕೊಳ್ಳುವ ಕಟ್ಟೆಯ ಮೇಲೆ ಮೂವತ್ತೆಂಟು ವರ್ಷ ನಿಂತು ನಿವೃತ್ತರಾದವರು. ಈಗ ಅಳೆಯಲು ಏನೂ ಇಲ್ಲದ್ದರಿಂದ ಹೆಂಡತಿ ಅನ್ನಕ್ಕೆ ಹಾಕುವ ನೀರನ್ನು ಅಳೆಯುತ್ತಿದ್ದರು, ಈರುಳ್ಳಿ ಹೆಚ್ಚಿದ್ದು ದಪ್ಪವಾಯಿತೆನ್ನುತ್ತಿದ್ದರು. ಹೆಂಡತಿ ದೋನ್ಯಾ ಎಲಿದಾ ಮೂರು ವರ್ಷದಿಂದ ತಮ್ಮದೇ ಅಡುಗೆ ಮನೆಯಲ್ಲಿ ಕಳ್ಳಿಯ ಹಾಗೆ ಉಪ್ಪು ಹಾಕುತ್ತಿದ್ದರು.

"ಅಪ್ಪ ಏನಂದ್ರು ಗೊತ್ತಾ?" ಎಂದಿದ್ದಳು ಯೊರ್ಲೆನಿ. ಚರ್ಚಿನ ಬೀದಿಯ ಬಟ್ಟೆ ಅಂಗಡಿಯಲ್ಲಿ ಕೆಲಸ ಅವಳದು. ಊಟದ ಬಿಡುವಿನಲ್ಲಿ ಅಲ್ಲಿಯೇ ಅವರ ಭೇಟಿ. "ಆ ಹುಡುಗನಿಗೆ ಐದು ಹುಚ್ಚು, ಆರನೇದು ನೀನಾಗ್ತೀಯ ಅಂದ್ರು. ಭಾನುವಾರ ಬಂದು ಕೇಳ್ಲಿ, ಒಂದು ಕಡೆ ನಿಲ್ಲೋ ಮನುಷ್ಯನೋ ಅಲ್ವೋ ನೋಡಿ ಹೇಳ್ತೀನಿ ಅಂದ್ರು. ಇಲ್ಲ ಅಂದ್ರೆ ಇಲ್ಲಾನೇ. ಅವರು ಎರಡನೇ ಸಲ ಅಳೆಯೋರಲ್ಲ."

"ನೀವು ಹೆದರ್ಬೇಡಿ. ಅವತ್ತು ನನ್ನ ಹಿಂದೆ ಒಂದು ಜೇನುನೊಣ ಕೂಡ ಬರಲ್ಲ!"

ಮನೆಯವರ ಸಲಿಗೆ ಬಿಟ್ಟರೆ, ಆ ಊರಿನಲ್ಲಿ ಪ್ರೇಮಿಗಳೂ ಒಬ್ಬರನ್ನೊಬ್ಬರು ‘ನೀವು’ ಎನ್ನುತ್ತಾರೆ. ಬೆಕ್ಕಿಗೂ ‘ನೀವು’ ಎನ್ನುತ್ತಾರೆ. ಆದ್ದರಿಂದ ಗೌರವ ಎಷ್ಟಿದೆ ಎಂಬುದನ್ನು ದನಿಯಿಂದಲೇ ತಿಳಿಯಬೇಕು. ಯೊರ್ಲೆನಿಯ ದನಿಯಲ್ಲಿ ಆಗ ಅದು ಸುಮಾರಾಗಿತ್ತು.

"ನೊಣ ಬರೋದಿಲ್ಲ ಸರಿ. ನೀವು ಬರ್ತೀರಿ ತಾನೆ?"

ವೆಬ್‌ಸೈಟ್ ಅವಳದೇ ಸಲಹೆ. ಬೇಕಾದವರು ನೋಡಿ ಬಂದು ಕೊಂಡುಹೋದರೆ ಮನೆ ಖಾಲಿಯಾಗುತ್ತದೆ, ಮದುವೆಯಾದ ಮೇಲೆ ನೇರ ನಡೆಯಬಹುದು ಎಂದು ಅವಳ ಆಸೆ. ವಿಲ್ಬರ್ತ್ ಅದಕ್ಕೆ ‘ವಿಲ್ಬರ್ತನ ಐದು ಲೋಕಗಳು’ ಎಂದು ಹೆಸರಿಟ್ಟು, ಲೋಕಕ್ಕೊಂದು ಪುಟ ಮಾಡಿ, ‘ನಿಮ್ಮದು ಕೆಟ್ಟಿದ್ದರೆ ತನ್ನಿ, ಸರಿಮಾಡಿಕೊಡುತ್ತೇನೆ’ ಎಂದೂ ಸೇರಿಸಿ, ಮೂರು ವಾರದಲ್ಲಿ ಬ್ರಹ್ಮನಂತೆ ಸೃಷ್ಟಿಕಾರ್ಯ ಮುಗಿಸಿದ್ದ. ಒಂದೇ ಒಂದು ಕಡೆ ಬ್ರಹ್ಮನ ಲೇಖನಿ ನಿಂತುಹೋಗಿತ್ತು. ವಿಳಾಸ!

ವೆಬ್‌ಸೈಟ್ ಬೀದಿಯ ಹೆಸರು ಕೇಳಿತು. ಬೀದಿಗೆ ಹೆಸರಿರಲಿಲ್ಲ. ಮನೆ ಸಂಖ್ಯೆ ಕೇಳಿತು. ಬಾರ್ವಾದಲ್ಲಿ ಯಾವ ಮನೆಗೂ ಸಂಖ್ಯೆ ಇಲ್ಲ. ಅವನು ತಾನು ಹುಟ್ಟಿ ಬೆಳೆದ ವಿಳಾಸವನ್ನು ಭಕ್ತಿಯಿಂದ ತುಂಬಿದ: ‘ದೊಡ್ಡ ಅತ್ತಿಮರ ಇದ್ದಲ್ಲಿಂದ ಇನ್ನೂರು ಮೀಟರ್ ದಕ್ಷಿಣಕ್ಕೆ, ಐವತ್ತು ಪೂರ್ವಕ್ಕೆ, ಹಸಿರು ಗೇಟು.’ ಅತ್ತಿಮರ ಬಿದ್ದದ್ದು ಅವನು ಹುಟ್ಟುವ ಮೊದಲು. ಆದರೂ ಇಡೀ ಊರು ಅಲ್ಲಿಂದಲೇ ಅಳೆಯುತ್ತಿತ್ತು, ಅಂಚೆಯವನೂ ಅಲ್ಲಿಂದಲೇ ತಿರುಗುತ್ತಿದ್ದ. ವೆಬ್‌ಸೈಟಿಗೆ ಮಾತ್ರ ಇಲ್ಲದ ಮರದಲ್ಲಿ ನಂಬಿಕೆ ಇರಲಿಲ್ಲ. ‘ಸರಿಯಾದ ವಿಳಾಸ ನೀಡಿ’ ಎಂದು ಕೆಂಪಕ್ಷರದಲ್ಲಿ ಗದರಿತು. ಊರಿನ ಪ್ರತಿ ಮನೆಯ ಹೊಸಿಲನ್ನೂ ತಿಂಗಳಿಗೊಮ್ಮೆ ಮುಟ್ಟಿ ಬರುವವನಿಗೆ ತನ್ನ ಮನೆ ಎಲ್ಲಿದೆಯೆಂದು ಹೇಳಲಾಗಲಿಲ್ಲ! ಕೊನೆಗೆ ಐದೂ ಪುಟಗಳಲ್ಲಿ ‘ವಿಳಾಸ ಶೀಘ್ರದಲ್ಲೇ’ ಎಂದು ಬರೆದು, ಅದರಡಿಯಲ್ಲಿ ‘ವಿಳಾಸ ಬಂದಾಗ ನನಗೆ ತಿಳಿಸಿ’ ಎಂಬ ಗುಂಡಿಯೊಂದನ್ನಿಟ್ಟ. ಆ ಗುಂಡಿಯನ್ನು ನಲವತ್ತಮೂರು ಜನ ಒತ್ತಿದ್ದರು. ಅದನ್ನು ಅವನು ಕೀರ್ತಿಯೆಂದು ತಿಳಿದಿದ್ದ.

ಗುರುವಾರ ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತಲೇ ಯೊರ್ಲೆನಿ ದಾರಿ ತೋರಿಸಿದಳು. "ಅಕ್ಷರ ಯಾಕೆ ಬರೀತೀರಿ? ನಕ್ಷೆ ಇದೆಯಲ್ಲ. ಮೇಲಿಂದ ಊರೆಲ್ಲ ಕಾಣುತ್ತೆ. ಮನೆ ಮೇಲೆ ಬೆರಳಿಟ್ಟು ಒತ್ತಿ."

"ಅಷ್ಟೇನಾ?"

"ಅಷ್ಟೇ. ಇದಕ್ಕೆ ಮೂರು ವಾರ ತಗೊಂಡ್ರಾ?"

ಅವನಿಗೆ ಮೊದಲು ನೆನಪಾದದ್ದು ಸಾನ್ ಕಾರ್ಲೋಸಿನಿಂದ ಬರಬೇಕಾದ ಸೋದರಮಾವ ಮತ್ತು ಅತ್ತೆ. ಅವರಿಗೆ ಹುಡುಗಿಯ ಮನೆ ಗೊತ್ತಿರಲಿಲ್ಲ. ಅವರಿಗಾಗಿಯೇ ಆರನೆಯ ಪುಟ ತೆರೆದು, ‘ನಿಶ್ಚಿತಾರ್ಥ’ ಎಂದು ಬರೆದು, ಸಮಯದ ಜಾಗದಲ್ಲಿ ಭಾನುವಾರ ಮೂರು ಗಂಟೆ ಎಂದು ತುಂಬಿ, ಆಕಾಶದಿಂದ ಕಾಣುತ್ತಿದ್ದ ದೋನ್ ಬೆಲಾರ್ಮಿನೊರ ಕೆಂಪು ತಗಡಿನ ಮಾಡಿನ ನಟ್ಟನಡುವೆ ಬೆರಳಿಟ್ಟ. ತನ್ನ ಮನೆಯದನ್ನು ಆಮೇಲೆ ಮಾಡಿದರಾಯಿತು.

‘ನಿಮ್ಮ ವಿಳಾಸ ಮತ್ತು ಸಮಯವನ್ನು ಎಲ್ಲ ಪುಟಗಳಲ್ಲೂ ಉಳಿಸಲಾಗಿದೆ’ ಎಂದಿತು ವೆಬ್‌ಸೈಟ್. ಹಸಿರು ಅಕ್ಷರದಲ್ಲಿ! ಮೂರು ವಾರ ಗದರಿದ್ದು ಕೊನೆಗೂ ನಯವಾಗಿ ಮಾತಾಡಿತಲ್ಲ ಎಂಬ ಸಂತೋಷದಲ್ಲಿ ಅವನು ವಾಕ್ಯವನ್ನು ಪೂರ್ತಿ ಓದಲಿಲ್ಲ. ಮೊಬೈಲ್ ಜೇಬಿಗಿಟ್ಟು ಮೀಟರ್ ಓದಲು ಹೊರಟ.

ಭಾನುವಾರ ಗಾಳಿ ಇತ್ತು. ಜನವರಿಯ ಗಾಳಿ ಬೆಟ್ಟದಿಂದ ಇಳಿದು ಕಾಫಿ ತೋಟಗಳ ಮೇಲೆ ಹಾಯ್ದು, ಮನೆಗಳ ಪರದೆಗಳನ್ನು ಸುಮ್ಮನೆ ಒಮ್ಮೆ ಎತ್ತಿ ನೋಡಿ ಹೋಗುತ್ತಿತ್ತು. ದೋನ್ ಬೆಲಾರ್ಮಿನೊರ ಪಡಸಾಲೆಯಲ್ಲಿ ಕುರ್ಚಿಗಳನ್ನು ಎರಡು ಸಾಲಾಗಿ ಎದುರು ಬದುರು ಇಟ್ಟಿದ್ದರು. ಒಂದು ಕಡೆ ಹುಡುಗಿಯ ತಂದೆತಾಯಿ, ಇನ್ನೊಂದು ಕಡೆ ಹೆರ್ಮಿನಿಯಾ, ಸೋದರಮಾವ, ತಲೆಗೂದಲನ್ನು ಗೋಪುರದಂತೆ ಕಟ್ಟಿಸಿಕೊಂಡು ಬಂದಿದ್ದ ಅತ್ತೆ. ವಿಲ್ಬರ್ತ್ ಮಾವನಿಂದ ಎರವಲು ಪಡೆದ ಕೋಟಿನಲ್ಲಿದ್ದ. ಉಂಗುರ ಒಳಜೇಬಿನಲ್ಲಿತ್ತು. ಒಳಗಿನಿಂದ ಕೋಳಿ ಅನ್ನದ ಪರಿಮಳ ಬರುತ್ತಿತ್ತು.

"ಹೇಳಿ" ಎಂದರು ದೋನ್ ಬೆಲಾರ್ಮಿನೊ.

ವಿಲ್ಬರ್ತ್ ಎದ್ದು ನಿಂತ. ವಾರವಿಡೀ ಬಾಯಿಪಾಠ ಮಾಡಿದ್ದ ಭಾಷಣ. "ಮಾನ್ಯ ದೋನ್ ಬೆಲಾರ್ಮಿನೊ ಅವರೇ, ನಾನು ಒಂದು ಕಡೆ ನಿಲ್ಲುವ ಮನುಷ್ಯ ಎಂದು ತಮ್ಮ ಮುಂದೆ..."

"ಉಪೇ!" ಎಂದು ಗೇಟಿನ ಬಳಿ ಯಾರೋ ಕೂಗಿದರು.

ಆ ಊರಿನಲ್ಲಿ ಬಾಗಿಲು ಬಡಿಯುವುದಿಲ್ಲ, ‘ಉಪೇ’ ಎನ್ನುತ್ತಾರೆ. ಕೂಗಿದವರನ್ನು ಒಳಗೆ ಕರೆಯದಿದ್ದರೆ ಮನೆಯ ಮಾನ ಉಳಿಯುವುದಿಲ್ಲ. ದೋನ್ಯಾ ಎಲಿದಾ ಎದ್ದು ಹೋಗಿ, ಕುಂಡವೊಂದನ್ನು ಎದೆಗವಚಿಕೊಂಡ ವಯಸ್ಸಾದ ಹೆಂಗಸನ್ನು ಕರೆತಂದು ಕೂರಿಸಿದರು. ಹುಡುಗನ ಕಡೆಯ ದೊಡ್ಡಮ್ಮನಿರಬೇಕು, ಗಿಡ ಉಡುಗೊರೆ ತಂದಿದ್ದಾರೆ ಎಂದುಕೊಂಡು ಕಾಫಿ ಕೊಟ್ಟರು. ಹುಡುಗಿಯ ಕಡೆಯವರಿರಬೇಕು ಎಂದುಕೊಂಡು ಹೆರ್ಮಿನಿಯಾ ಎದ್ದು ಕೆನ್ನೆಗೆ ಕೆನ್ನೆ ಒತ್ತಿ, "ಎಷ್ಟು ದಿನ ಆಯ್ತು ನೋಡಿ!" ಎಂದರು.

"ಹೌದಮ್ಮ, ತುಂಬ ದಿನದಿಂದ ಕಾಯ್ತಿದ್ದೆ" ಎಂದರು ಆಕೆ.

"ನಾವೂ ಅಷ್ಟೇ. ಎರಡೂವರೆ ವರ್ಷ!"

ವಿಲ್ಬರ್ತ್ ಗಂಟಲು ಸರಿಪಡಿಸಿಕೊಂಡ. "ಮಾನ್ಯ ದೋನ್ ಬೆಲಾರ್ಮಿನೊ ಅವರೇ, ನಾನು ಒಂದು ಕಡೆ..."

"ಉಪೇ!"

ಈ ಸಲ ರೇಡಿಯೊ ಹೊತ್ತ ಗಂಡಸು. ಅವನ ಹಿಂದೆ ಇಬ್ಬರು ಅಣ್ಣತಮ್ಮಂದಿರು ಮರದ ದಿಮ್ಮಿಯೊಂದನ್ನು ಹೆಗಲ ಮೇಲೆ ಹೊತ್ತು, ಸಂತನ ಮೂರ್ತಿ ತರುವವರ ಹಾಗೆ ಹೆಜ್ಜೆಯಿಟ್ಟು ಬಂದರು. ಅವರ ಹಿಂದೆ ಮತ್ತೂ ನಾಲ್ವರು, ಕೈಕೈಯಲ್ಲಿ ಆರ್ಕಿಡ್. ಎಲ್ಲರಿಗೂ ಕಾಫಿ, ಎಲ್ಲರಿಗೂ ಕೋಳಿ ಅನ್ನ.

"ಹುಡುಗನ ಕಡೆ ಬಳಗ ದೊಡ್ಡದು" ಎಂದು ದೋನ್ಯಾ ಎಲಿದಾ ಗಂಡನ ಕಿವಿಯಲ್ಲಿ ಉಸುರಿದರು. "ಆದ್ರೆ ಮರದ ದಿಮ್ಮಿ ಯಾಕೆ ತಂದಿದ್ದಾರೆ?"

"ಸೌದೆಗಿರಬೇಕು. ಇಷ್ಟು ಜನಕ್ಕೆ ಇನ್ನೊಂದು ಹಂಡೆ ಅನ್ನ ಬೇಯ್ಬೇಕಲ್ಲ."

ವಿಲ್ಬರ್ತ್ ಮಾತ್ರ ಆ ದಿಮ್ಮಿಯನ್ನು ನೋಡಿದೊಡನೆ ಕುಸಿದು ಕುಳಿತಿದ್ದ. ದಿಮ್ಮಿಯ ಸಣ್ಣ ತೂತಿನಿಂದ ಒಂದು ಮುಜಂಟಿ ಹೊರಗಿಣುಕಿ, ಹವೆ ನೋಡಿ, ನೆಟ್ಟಗೆ ಹಾರಿ ಅತ್ತೆಯ ಕೇಶಗೋಪುರ ಪ್ರವೇಶಿಸಿತು. ಅದರ ಹಿಂದೆ ಅದರ ಬಂಧುಗಳು.

"ವಿಲ್ಬರ್ತ್! ತಲೇಲಿ ಏನೋ ನಡೀತಿದೆ!" ಎಂದು ಅತ್ತೆ ಕಿರುಚಿದರು.

"ಅವು ಕುಟುಕಲ್ಲ ಅತ್ತೆ, ಕೂದಲಲ್ಲಿ ಸುಮ್ನೆ ಸುತ್ತಾಡ್ತವೆ."

"ನಿನಗೆ ಹೇಗೋ ಗೊತ್ತು?"

ಅಷ್ಟರಲ್ಲಿ ಗೇಟಿನಲ್ಲಿ ಕಹಳೆ ಊದಿತು, ಡೋಲು ಬಡಿಯಿತು. ಪಕ್ಕದೂರು ಸಾನ್ ಪೆದ್ರೊದ ಹಬ್ಬದ ಸಮಿತಿಯವರು! ರಾಕ್ಷಸಿಯ ತಲೆ ಕೊಳ್ಳಲು ಬಂದವರು, ಅದನ್ನು ಹೊತ್ತು ಕುಣಿಯುವವನನ್ನೂ, ಪರೀಕ್ಷಿಸಿ ನೋಡಲೆಂದು ಮೇಳದವರನ್ನೂ ಕರೆದುಕೊಂಡೇ ಬಂದಿದ್ದರು. ಯೊರ್ಲೆನಿ ಅಡುಗೆ ಮನೆಯ ಬಾಗಿಲಿನಿಂದ ಬಂದು ವಿಲ್ಬರ್ತನ ತೋಳು ಹಿಡಿದು ಮೂಲೆಗೆ ಎಳೆದಳು. ಅವಳ ಕೈಯಲ್ಲಿ ಮೊಬೈಲ್ ತೆರೆದಿತ್ತು.

"ಇದೇನಿದು? ಆರೂ ಪುಟದಲ್ಲಿ ನಮ್ಮ ಮನೆ!"

"ನಾನು ಒಂದೇ ಪುಟದಲ್ಲಿ ಒತ್ತಿದ್ದು..."

"ಭಾನುವಾರ ಮೂರು ಗಂಟೆ. ಐದು ಲೋಕಗಳಿಗೂ ಸ್ವಾಗತ. ನಲವತ್ತಮೂರು ಜನಕ್ಕೆ ಓಲೆ ಹೋಗಿದೆ. ತಕ್ಷಣ ಅಳಿಸಿ!"

ಅಳಿಸಲು ಪಾಸ್‌ವರ್ಡ್ ಬೇಕಿತ್ತು. ಬರೆದ ಮೂರೂ ತಪ್ಪಾದವು. ‘ನಿಮ್ಮ ಇನ್ನೊಂದು ಮೊಬೈಲಿಗೆ ಗುಪ್ತಸಂಖ್ಯೆ ಕಳುಹಿಸಲಾಗಿದೆ’ ಎಂದಿತು ವೆಬ್‌ಸೈಟ್. ಇನ್ನೊಂದು ಮೊಬೈಲ್ ತಾಯಿಯದು.

"ಅಮ್ಮಾ, ನಿನ್ನ ಫೋನ್ ಕೊಡು!"

"ಮನೇಲಿದೆ. ಶುಭಕಾರ್ಯಕ್ಕೆ ಯಾರಾದ್ರೂ ಫೋನ್ ತರ್ತಾರೇನೋ?"

ಇನ್ನು ಉಳಿದದ್ದು ಎರಡೇ ದಾರಿ. ಬಂದವರ ಮುಖ ನೋಡಿ ಯಾರೋ ಗೊತ್ತಿಲ್ಲ ಎನ್ನುವುದು ಒಂದು. ಹೇಗೂ ಬೇರೆ ಊರುಗಳಿಂದ ಬಂದ ಅವರಲ್ಲಿ ಯಾರೂ ಅವನನ್ನು ನೋಡಿರಲಿಲ್ಲ. ಸಮಿತಿಯ ಮುಖ್ಯಸ್ಥ ಆಗಲೇ ಪಡಸಾಲೆಯ ನಡುವೆ ನಿಂತು, "ಇಲ್ಲಿ ವಿಲ್ಬರ್ತ್ ಅನ್ನೋರು ಯಾರು?" ಎಂದು ಕೇಳುತ್ತಿದ್ದ. ದೋನ್ ಬೆಲಾರ್ಮಿನೊ ಕುರ್ಚಿಯಿಂದ ನಿಧಾನವಾಗಿ ಎದ್ದಿದ್ದರು. ಯೊರ್ಲೆನಿ ಹಿಡಿದ ತೋಳನ್ನು ಬಿಟ್ಟಳು, ಅಷ್ಟೇ.

ವಿಲ್ಬರ್ತ್ ಎರವಲು ಕೋಟಿನ ಗುಂಡಿ ಹಾಕಿಕೊಂಡು ನಡುವೆ ಬಂದ.

"ನಾನೇ. ಜೇನು ನನ್ನದು, ಆರ್ಕಿಡ್ ನನ್ನದು, ರಾಕ್ಷಸಿ ನನ್ನದು. ಇವರೆಲ್ಲ ನಮ್ಮ ಬಳಗದವರಲ್ಲ, ನನ್ನ ಹುಚ್ಚಿಗೆ ಬಂದವರು. ವಿಳಾಸ ತಪ್ಪಿದ್ದು ನನ್ನಿಂದ. ಇವರದೂ ತಪ್ಪಿಲ್ಲ, ಈ ಮನೆಯವರದೂ ತಪ್ಪಿಲ್ಲ. ಕ್ಷಮಿಸಿ."

ಡೋಲಿನವನು ಅಭ್ಯಾಸಬಲದಿಂದ ಒಂದು ಪೆಟ್ಟು ಹಾಕಿ, ತಪ್ಪಾಯಿತೆಂದು ತಿಳಿದು ಡೋಲಿನ ಮೇಲೆ ಕೈಯಿಟ್ಟ. ಅಂಗಳದ ತುಂಬ ಜನ. ಗೇಟಿನಾಚೆ ಇನ್ನೂ ಬರುತ್ತಿದ್ದರು. ಒಬ್ಬರನ್ನೊಬ್ಬರು ತಳ್ಳುತ್ತ, "ನಾನು ಮೊದ್ಲು ಬಂದೆ", "ಏ, ನಾನು ಅಲಾಹುವೇಲಾದಿಂದ ಬಂದಿದ್ದೀನಿ ಕಣ್ರೀ" ಎಂದು ಗುದ್ದಾಡುತ್ತಿದ್ದರು.

ದೋನ್ ಬೆಲಾರ್ಮಿನೊ ಪಡಸಾಲೆಯ ಅಂಚಿಗೆ ಬಂದರು. ಮೆಟ್ಟಿಲ ಮೇಲೆ ನಿಂತರು. ಅಂಗಳವನ್ನು ಎಡದಿಂದ ಬಲಕ್ಕೆ ಒಮ್ಮೆ ನೋಡಿದರು. ಮೂರು ವರ್ಷದಿಂದ ಬಾಗಿದ್ದ ಅವರ ಬೆನ್ನು ಎಲ್ಲರ ಕಣ್ಣೆದುರಿಗೇ ನೆಟ್ಟಗಾಯಿತು.

"ಸಾಲು!" ಎಂದರು.

ಆ ಒಂದು ಶಬ್ದಕ್ಕೆ ಅಂಗಳ ಸ್ತಬ್ಧವಾಯಿತು.

"ಗಿಡದವರು ಗೋಡೆ ಕಡೆ. ರೇಡಿಯೊ ಮಧ್ಯಕ್ಕೆ. ಜೇನಿನವರು ನೆರಳಲ್ಲಿ, ಆ ಹೆಂಗಸಿನ ತಲೆಯಿಂದ ದೂರ. ಡೋಲಿನವರು ಬಾಯ್ಮುಚ್ಕೊಂಡು ಬೇಲಿ ಪಕ್ಕ. ಎಲಿದಾ, ನನ್ನ ಮೇಜು!"

ಮೇಜು ಬಂತು. ಅವರು ಕೂತರು. ಮೊದಲ ರೇಡಿಯೊವನ್ನು ಕಿವಿಗಿಟ್ಟು ಅಲ್ಲಾಡಿಸಿದರು. ಅಂಥದ್ದೇ ಒಂದು ಅವರ ಕಾಫಿ ಕಟ್ಟೆಯ ಮೇಲೆ ಇಪ್ಪತ್ತು ವರ್ಷ ಹಾಡಿತ್ತಂತೆ. ಹಿಂಬದಿ ಬಿಚ್ಚಿ, ಊದಿ, ಒಳಗಿನ ವಾಲ್ವನ್ನು ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿದರು. ರೇಡಿಯೊ ಕೆಮ್ಮಿತು, ಆಮೇಲೆ ಫುಟ್‌ಬಾಲ್ ವಿವರಣೆ ಶುರುಮಾಡಿತು. ಅಂಗಳದಲ್ಲಿ ಚಪ್ಪಾಳೆ! ಅವರು ನಗಲಿಲ್ಲ. ಕಿವಿ ಮಾತ್ರ ಕೆಂಪಾಯಿತು.

"ಮುಂದಿನವರು!"

ಅಡುಗೆ ಮನೆಯಲ್ಲಿ ದೋನ್ಯಾ ಎಲಿದಾ ಇನ್ನೊಂದು ಹಂಡೆ ಅನ್ನಕ್ಕೆ ನೀರು ಸುರಿದರು. ಬಾಗಿಲ ಕಡೆ ನೋಡಿದರು. ಯಾರೂ ಅಳೆಯಲು ಬರಲಿಲ್ಲ. ಇನ್ನೊಂದು ಲೋಟ ಹೆಚ್ಚಿಗೆ ಹಾಕಿ, ಸುಮ್ಮನೆ ಒಲೆಯ ಮುಂದೆ ನಿಂತು ಮುಗುಳ್ನಕ್ಕರು.

ವಿಲ್ಬರ್ತ್ ಮೇಜಿನ ಬಳಿ ಸುಳಿದ. "ದೋನ್ ಬೆಲಾರ್ಮಿನೊ ಅವರೇ, ನನ್ನದೊಂದು ವಿಷಯ..."

"ಸಾಲಲ್ಲಿ ಬನ್ನಿ."

ಅವನು ಸಾಲಿನ ಕೊನೆಗೆ ಹೋದ. ಮುಂದೆ ಬೇರು ಕೊಳೆತ ಆರ್ಕಿಡ್ ಹಿಡಿದ ಅಜ್ಜಿ, ಹಿಂದೆ ಯಾರೋ. ಸಾಲು ಆಮೆಯಂತೆ ತೆವಳಿತು. ಸಮಿತಿಯವರು ರಾಕ್ಷಸಿಯನ್ನು ತರಲು ಹೆರ್ಮಿನಿಯಾರ ಮಂಚದ ಕಡೆ ಹೋದರು. ಬಿಸಿಲು ಇಳಿಯಿತು. ಒಂದು ಗಂಟೆಯ ಮೇಲೆ ಅವನ ಸರದಿ ಬಂತು.

"ಏನು ಕೆಟ್ಟಿದೆ?" ಎಂದರು ದೋನ್ ಬೆಲಾರ್ಮಿನೊ, ತಲೆಯೆತ್ತದೆ.

"ಏನೂ ಕೆಟ್ಟಿಲ್ಲ. ಕೆಡಿಸಿದ್ದು ನಾನೇ." ಬಾಯಿಪಾಠ ಮಾಡಿದ್ದ ಭಾಷಣ ಎಲ್ಲೋ ಹಾರಿಹೋಗಿತ್ತು. "ಯೊರ್ಲೆನಿಯನ್ನ ಕೇಳೋಕೆ ಬಂದಿದ್ದೆ."

ಅವರು ಕೈಯೊರೆಸಿಕೊಂಡು ಅವನನ್ನು ನೋಡಿದರು.

"ಬುಟ್ಟಿ ತಳಕ್ಕೆ ಎಲೆ ತುಂಬಿ, ಮೇಲೆ ಹಣ್ಣು ಹರಡಿ ತರೋರನ್ನ ಬಹಳ ನೋಡಿದ್ದೀನಿ. ಮಗುಚಿ ತೋರಿಸಿದ್ರೆ, ಈ ಬುಟ್ಟಿನೇ ನನ್ನದಲ್ಲ ಅಂತಾರೆ. ನೀವು ಬುಟ್ಟಿ ಮಗುಚಿಬಿದ್ದ ಮೇಲೂ ನನ್ನದೇ ಅಂದ್ರಿ." ಮೇಜಿನ ಮೇಲಿನ ಮಣ್ಣು ಒರೆಸಿದರು. "ಎಲೆ ಬಹಳ ಇದೆ. ಇರ್ಲಿ. ಹುಡುಗಿ ಏನಂತಾಳೆ?"

"ನಾನು ಇವರ ಹಿಂದೇನೇ ನಿಂತಿದ್ದೀನಿ ಅಪ್ಪ" ಎಂದಳು ಯೊರ್ಲೆನಿ.

ವಿಲ್ಬರ್ತ್ ತಿರುಗಿ ನೋಡಿದ. ಒಂದು ಗಂಟೆಯಿಂದ ಅವನ ಬೆನ್ನಿಗೇ ನಿಂತಿದ್ದವಳು ಅವಳೇ. ಗಾಳಿಗೆ ಅವಳ ಕೂದಲು ಕೆದರಿತ್ತು. ಕೈಯಲ್ಲಿ ಅವನಿಗೆಂದು ತಂದು ಆರಿಹೋದ ಕಾಫಿ ಇತ್ತು. ಅವನು ಒಳಜೇಬಿನಿಂದ ಉಂಗುರ ತೆಗೆದು ಅವಳ ಬೆರಳಿಗೆ ತೊಡಿಸುವಾಗ, ಹಿಂದಿದ್ದ ರೇಡಿಯೊದವನು "ಸ್ವಲ್ಪ ಬೇಗ ಆಗ್ಲಿ, ನನಗೆ ಬಸ್ಸಿದೆ" ಎಂದ.

"ಮುಂದಿನವರು!" ಎಂದರು ದೋನ್ ಬೆಲಾರ್ಮಿನೊ. ಆದರೆ ದನಿ ಸ್ವಲ್ಪ ಒಡೆದಿತ್ತು.

ಸೋಮವಾರ ಯೊರ್ಲೆನಿ ಪಕ್ಕದಲ್ಲೇ ಕೂತು ಅವನ ಕೈಯಲ್ಲೇ ವಿಳಾಸ ಬದಲು ಮಾಡಿಸಿದಳು. ಬೆರಳು ಅವನದು, ಕಣ್ಣು ಅವಳದು. ಮುಂದಿನ ಭಾನುವಾರ ಮೂರೂಕಾಲಿಗೆ ಫೋನ್ ಬಂತು.

"ಏನ್ರೀ ಮಾಡಿದ್ರಿ?" ದೋನ್ ಬೆಲಾರ್ಮಿನೊರ ದನಿ ಗುಡುಗಿತು. "ಮೇಜು ಹಾಕ್ಕೊಂಡು ಕೂತಿದ್ದೀನಿ, ಒಬ್ಬನೂ ಬಂದಿಲ್ಲ!"

"ಕ್ಷಮಿಸಿ, ಆ ತಪ್ಪನ್ನ ಸರಿಮಾಡಿದ್ವಿ..."

"ಯಾರು ಸರಿಮಾಡೋಕೆ ಹೇಳಿದ್ದು? ಮೊದ್ಲಿದ್ದ ಹಾಗೇ ಮಾಡಿ!"

ಹಿಂದಿನಿಂದ ದೋನ್ಯಾ ಎಲಿದಾರ ದನಿಯೂ ಕೇಳಿಸಿತು. "ಮಾಡಪ್ಪ, ನಿನ್ನ ಕಾಲಿಗೆ ಬೀಳ್ತೀನಿ. ಈರುಳ್ಳಿ ಅಳೀತಿದ್ದಾರೆ!"

ಮಾಡಿದ. ವಿಳಾಸದ ಹಿಂದೆ ಆರ್ಕಿಡ್‌ಗಳೂ ದೋನ್ ಬೆಲಾರ್ಮಿನೊರ ಮನೆಗೆ ಹೋದವು. ಅವುಗಳ ಹಿಂದೆ ದಿಮ್ಮಿಗಳು, ರೇಡಿಯೊಗಳು, ಕೊನೆಗೆ ಮರಿಂಬವೂ ಹೋಯಿತು. ಹೆರ್ಮಿನಿಯಾ ತಮ್ಮ ಪಡಸಾಲೆಯಲ್ಲಿ ಮೂರು ದಿನ ಅಡ್ಡಡ್ಡಲೇ ನಡೆದು, ನಾಲ್ಕನೆಯ ದಿನ ನೇರ ನಡೆದರು.

ಮಾರ್ಚ್‌ನ ಒಂದು ಭಾನುವಾರ ವಿಲ್ಬರ್ತ್ ಭಾವೀ ಮಾವನ ಮನೆಯ ಗೇಟಿನ ಬಳಿ ನಿಂತಿದ್ದಾಗ, ಹೊಸಬನೊಬ್ಬ ಆರ್ಕಿಡ್ ಹಿಡಿದು ಬಂದ. ವಿಲ್ಬರ್ತನ ಕೈಗಳು ತಾವಾಗಿಯೇ ಮುಂದೆ ಚಾಚಿದವು. "ಎಲೆ ಹಳದಿ ಆಗಿದೆಯಲ್ಲ, ಇದಕ್ಕೆ ನೀರು ಜಾಸ್ತಿ..."

"ಬಿಡಿ ಬಿಡಿ, ಅವನನ್ನ ಕೇಳ್ಬೇಡಿ!" ಮೆಟ್ಟಿಲ ಮೇಲಿನಿಂದ ದೋನ್ ಬೆಲಾರ್ಮಿನೊ ಕೂಗಿದರು. ಒಂದು ಕೈಯಲ್ಲಿ ಮರಿಂಬದ ಕೋಲು, ಇನ್ನೊಂದರಲ್ಲಿ ವಾಲ್ವು. "ಇಲ್ಲಿ ತನ್ನಿ. ಅವನು ನನ್ನ ಮಗಳಿಗೆ ಗೊತ್ತು ಮಾಡಿರೋ ಹುಡುಗ. ಒಳ್ಳೆಯವನೇ. ಆದ್ರೆ ಪಾಪ, ಅವನಿಗೆ ಯಾವ ಹವ್ಯಾಸಾನೂ ಇಲ್ಲ!"